ದೇವಸಹಾಯಂ: ತಿರುವಾಂಕೂರಿನ ಒಬ್ಬ ಗೃಹಸ್ಥ ರಕ್ತಸಾಕ್ಷಿ

ತಿರುನೆಲ್ವೇಲಿಯಿಂದ ನಾಗರಕೋಯಿಲಿಗೆ ಹೋಗುವ ದಾರಿಯಲ್ಲಿ, ಪಶ್ಚಿಮ ಘಟ್ಟಗಳು ತಮ್ಮ ದಕ್ಷಿಣದ ಕೊನೆಯನ್ನು ಮುಟ್ಟುವುದಕ್ಕೆ ಮುಂಚೆ, ಒಂದೆಡೆ ಬಾಗಿಲು ತೆರೆದಂತೆ ಎಡೆ ಬಿಟ್ಟಿವೆ. ಈ ಕಣಿವೆಗೆ ಆರಲ್ವಾಯ್‌ಮೊಳಿ ಎಂದು ಹೆಸರು. ಮುಂಗಾರಿನ ತಿಂಗಳುಗಳಲ್ಲಿ ಇಲ್ಲಿ ಗಾಳಿಯ ರಭಸವು ಬಹಳ. ಈಗ ಈ ಬಯಲಿನಲ್ಲೆಲ್ಲ ವಿದ್ಯುತ್ತನ್ನು ಹುಟ್ಟಿಸುವ ಗಾಳಿಯಂತ್ರಗಳು ಸಾಲುಸಾಲಾಗಿ ನಿಂತಿವೆ. ಕಣಿವೆಯ ಮಗ್ಗುಲಲ್ಲಿರುವ ಒಂದು ಬಂಡೆಗುಡ್ಡವನ್ನು ಅಲ್ಲಿನ ಜನ ಕಾಟ್ರಾಡಿ ಮಲೈ, ಎಂದರೆ ಗಾಳಿಯ ಗುಡ್ಡ, ಎಂದು ಕರೆಯುತ್ತಾರೆ. 1752ನೆಯ ಇಸವಿ ಜನವರಿ 14ರಂದು ತಿರುವಾಂಕೂರು ಸಂಸ್ಥಾನದ ಸಿಪಾಯಿಗಳು ಈ ಗುಡ್ಡದ ಮೇಲೆ ಒಬ್ಬ ಮನುಷ್ಯನನ್ನು ಗುಂಡಿಟ್ಟು ಕೊಂದರು. ಆತನಿಗೆ ಆಗ ನಲವತ್ತು ವರ್ಷ ತುಂಬಿರಲಿಲ್ಲ. ಏಳು ವರ್ಷಗಳ ಹಿಂದೆ ಆತನ ಹೆಸರು ನೀಲಕಂಠ ಪಿಳ್ಳೈ; ಸಾಯುವಾಗ ದೇವಸಹಾಯಂ.

ಈ ದೇವಸಹಾಯನನ್ನು ಕ್ಯಾಥೊಲಿಕ್ ಕ್ರೈಸ್ತಮಂಡಲಿಯು 2022ರಲ್ಲಿ ಸಂತನೆಂದು ಸಾರಿತು. ಭಾರತದಲ್ಲಿ ಹುಟ್ಟಿ ಈ ಪದವಿಗೆ ಏರಿದವರಲ್ಲಿ ಪಾದ್ರಿಯೂ ಅಲ್ಲದ, ಯಾವ ಸಂನ್ಯಾಸಿಗಳ ಮಠಕ್ಕೂ ಸೇರದ, ಹೆಂಡತಿಯೊಡನೆ ಸಂಸಾರ ಮಾಡಿಕೊಂಡಿದ್ದ ಗೃಹಸ್ಥನು ಈತನೇ ಮೊದಲನೆಯವನು. ಮರಣಕ್ಕೂ ಈ ಘೋಷಣೆಗೂ ನಡುವೆ 270 ವರ್ಷಗಳು ಕಳೆದವು. ಇಷ್ಟು ತಡವೇಕೆ, ತಡವಾದರೂ ಹೆಸರು ಅಳಿಯದೆ ಉಳಿದದ್ದು ಹೇಗೆ, ಮತ್ತು ಆತನು ಸತ್ತದ್ದು ನಿಜವಾಗಿ ಯಾವುದಕ್ಕಾಗಿ ಎಂಬುದನ್ನು ನಾವು ಇಲ್ಲಿ ಸ್ವಲ್ಪ ವಿಚಾರಿಸೋಣ.

ಮೊದಲು ಒಂದು ಶಬ್ದದ ಮಾತು. ಧರ್ಮಕ್ಕಾಗಿ ಪ್ರಾಣ ಕೊಟ್ಟವರನ್ನು ಮಲಯಾಳದ ಕ್ರೈಸ್ತರು ರಕ್ತಸಾಕ್ಷಿ ಎನ್ನುತ್ತಾರೆ. ನಮ್ಮ ಕನ್ನಡ ಕ್ರೈಸ್ತರಲ್ಲಿಯೂ ಈ ಮಾತು ಬಳಕೆಯಲ್ಲಿದೆ. ಯೂರೋಪಿನ ಭಾಷೆಗಳಲ್ಲಿ ಇದಕ್ಕೆ ಸಮನಾಗಿರುವ ಪದವು ಗ್ರೀಕ್ ಮೂಲದ್ದು. ಆ ಗ್ರೀಕ್ ಪದಕ್ಕೂ ಅರ್ಥ ಸಾಕ್ಷಿಯೆಂದೇ, ನ್ಯಾಯಸ್ಥಾನದಲ್ಲಿ ನಿಂತು ಕಂಡದ್ದನ್ನು ಹೇಳುವವನು ಎಂದು. ಹುತಾತ್ಮ ಎಂಬ ಪದದಲ್ಲಿ ಆಹುತಿಯ ಭಾವವಿದೆ. ರಕ್ತಸಾಕ್ಷಿ ಎಂಬುದರಲ್ಲಿ ಪ್ರಮಾಣದ ಭಾವವಿದೆ. ದೇವಸಹಾಯನ ವಿಷಯದಲ್ಲಿ ಎರಡನೆಯ ಪದವೇ ಹೆಚ್ಚು ಒಪ್ಪುತ್ತದೆ. ಏಕೆಂದರೆ ಆತನ ಸಾವಿನ ಕುರಿತ ವಾದವೆಲ್ಲವೂ ಕಡೆಗೆ ಪ್ರಮಾಣದ ವಾದವೇ ಆಗಿದೆ.

ನೀಲಕಂಠನು 1712ರ ಏಪ್ರಿಲ್ 23ರಂದು ನಟ್ಟಾಲಂ ಎಂಬ ಊರಿನಲ್ಲಿ ಹುಟ್ಟಿದನು. ಈ ಊರು ಆಗ ತಿರುವಾಂಕೂರಿನ ದಕ್ಷಿಣ ಭಾಗ. 1956ರಲ್ಲಿ ಭಾಷಾವಾರು ಪ್ರಾಂತಗಳು ಏರ್ಪಟ್ಟಾಗ ಮದರಾಸಿಗೆ ಸೇರಿ, ಈಗ ತಮಿಳುನಾಡಿನ ಕನ್ಯಾಕುಮಾರಿ ಜಿಲ್ಲೆಯಲ್ಲಿದೆ. ತಂದೆ ವಾಸುದೇವನ್ ನಂಬೂದಿರಿ, ತಾಯಿ ದೇವಕಿ ಅಮ್ಮ. ತಂದೆ ಬ್ರಾಹ್ಮಣನಾದರೂ ಮಗ ನಾಯರನೇ. ಮಲಯಾಳದ ಮರುಮಕ್ಕತ್ತಾಯದಂತೆ ಮಕ್ಕಳು ತಾಯಿಯ ಮನೆಗೆ, ತಾಯಿಯ ಕುಲಕ್ಕೆ ಸೇರಿದವರು. ನಮ್ಮ ಕರಾವಳಿಯ ಅಳಿಯಸಂತಾನವನ್ನು ಬಲ್ಲವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಸೋದರಮಾವಂದಿರ ಪೋಷಣೆಯಲ್ಲಿ ಬೆಳೆದ ಹುಡುಗನು ವಿದ್ಯೆಯನ್ನೂ ಆಯುಧಾಭ್ಯಾಸವನ್ನೂ ಕಲಿತು ರಾಜಧಾನಿಯಾಗಿದ್ದ ಪದ್ಮನಾಭಪುರದ ಅರಮನೆಯ ಸೇವೆಗೆ ಸೇರಿದನು. ಅಲ್ಲಿಯ ನೀಲಕಂಠಸ್ವಾಮಿ ದೇವಾಲಯದ ಕಾರ್ಯಭಾರವೂ ಆತನಿಗಿತ್ತೆಂದು ಹೇಳುತ್ತಾರೆ. ಮೇಕ್ಕೋಡು ಮನೆತನದ ಭಾರ್ಗವಿಯೆಂಬುವಳನ್ನು ಕೈಹಿಡಿದನು. ಪಿಳ್ಳೈ ಎಂಬುದು ಮಾನದ ಬಿರುದು. ಈ ಬಿರುದನ್ನು ನೆನಪಿನಲ್ಲಿಡಿ. ಕಥೆಯ ಕೊನೆಯಲ್ಲಿ ಇದು ಮತ್ತೆ ಬರುತ್ತದೆ.

ಆಗ ತಿರುವಾಂಕೂರನ್ನು ಆಳುತ್ತಿದ್ದವರು ಮಾರ್ತಾಂಡವರ್ಮ ಮಹಾರಾಜರು. 1729ರಲ್ಲಿ ಅವರು ಪಟ್ಟಕ್ಕೆ ಬಂದಾಗ ರಾಜ್ಯವು ಚಿಕ್ಕದು. ಎಟ್ಟುವೀಟ್ಟಿಲ್ ಪಿಳ್ಳೆಮಾರ್ ಎಂಬ ಎಂಟು ಮನೆತನದ ನಾಯಕರು ಅರಸನಿಗೆ ಮಿಗಿಲಾಗಿ ಮೆರೆಯುತ್ತಿದ್ದರು. ಮಹಾರಾಜರು ಅವರನ್ನು ನಿರ್ದಾಕ್ಷಿಣ್ಯವಾಗಿ ಅಡಗಿಸಿ, ನೆರೆಯ ಪಾಳೆಯಗಳನ್ನು ಒಂದೊಂದಾಗಿ ಗೆದ್ದುಕೊಂಡು, ಕರಿಮೆಣಸಿನ ವ್ಯಾಪಾರಕ್ಕೆ ಕೈಹಾಕಿದ್ದ ಡಚ್ಚರ ಕಂಪೆನಿಗೂ ಎದುರು ನಿಂತರು. 1741ರ ಆಗಸ್ಟಿನಲ್ಲಿ ಕುಳಚ್ಚಲ್ ಎಂಬ ಸಮುದ್ರತೀರದಲ್ಲಿ ಡಚ್ಚರು ಸೋತು ಶರಣಾದರು. ಸೆರೆ ಸಿಕ್ಕಿದವರಲ್ಲಿ ಯೂಸ್ಟೇಷಿಯಸ್ ಡಿ ಲನಾಯ್ ಎಂಬ ಯುವಕನಾದ ಅಧಿಕಾರಿಯೊಬ್ಬನಿದ್ದನು. ಮಹಾರಾಜರು ಮನುಷ್ಯರ ಬೆಲೆಯನ್ನು ಬಲ್ಲವರು. ಸೆರೆಯಾಳನ್ನು ಸೆರೆಯಲ್ಲಿಡದೆ ತಮ್ಮ ಸೈನ್ಯಕ್ಕೆ ಯೂರೋಪಿನ ಕವಾಯತು ಕಲಿಸುವ ಕೆಲಸಕ್ಕೆ ನೇಮಿಸಿದರು. ಡಿ ಲನಾಯ್ ಮುಂದೆ ವಲಿಯ ಕಪ್ಪಿತ್ತಾನ್, ಎಂದರೆ ಹಿರಿಯ ಕಪ್ತಾನ, ಎನಿಸಿಕೊಂಡು 1777ರಲ್ಲಿ ಸಾಯುವವರೆಗೆ ತಿರುವಾಂಕೂರಿನ ಅನ್ನವನ್ನೇ ಉಂಡನು. ಮೈಸೂರಿನವರಿಗೆ ಈತನ ಹೆಸರು ಪರಿಚಿತವಲ್ಲದಿದ್ದರೂ ಈತನ ಕೈಗೆಲಸವು ಮೈಸೂರಿನ ಚರಿತ್ರೆಗೆ ತಗುಲಿದೆ. 1789ರ ಡಿಸೆಂಬರಿನಲ್ಲಿ ಟಿಪ್ಪು ಸುಲ್ತಾನರ ಸೇನೆಯು ಮೊದಲ ಏಟಿಗೆ ಹಿಮ್ಮೆಟ್ಟಬೇಕಾಗಿ ಬಂದ ನೆಡುಂಕೋಟ್ಟೆ ಎಂಬ ತಿರುವಾಂಕೂರಿನ ಗಡಿಗೋಡೆಯು ಈತನ ಮೇಲ್ವಿಚಾರಣೆಯಲ್ಲಿ ಎದ್ದದ್ದು. ಮೂರನೆಯ ಮೈಸೂರು ಯುದ್ಧಕ್ಕೆ ಆ ಗೋಡೆಯ ಜಗಳವೇ ನೆಪವಾಯಿತು.

ಪದ್ಮನಾಭಪುರದ ಹತ್ತಿರ ಉದಯಗಿರಿ ಕೋಟೆಯನ್ನು ಹೊಸದಾಗಿ ಕಟ್ಟಿಸುತ್ತಿದ್ದ ಕಾಲದಲ್ಲಿ ಡಿ ಲನಾಯ್‌ಗೂ ನೀಲಕಂಠ ಪಿಳ್ಳೈಗೂ ಸ್ನೇಹ ಬೆಳೆಯಿತು. ಕೆಲಸಗಾರರಿಗೆ ಹಣ ಬಟವಾಡೆ ಮಾಡುವ ಅಧಿಕಾರ ಪಿಳ್ಳೈಯದಾಗಿತ್ತೆಂದು ಪರಂಪರೆಯ ಮಾತು. ಡಿ ಲನಾಯ್ ಡಚ್ಚರ ಕೆಲಸದಲ್ಲಿದ್ದರೂ ಮತದಿಂದ ಕ್ಯಾಥೊಲಿಕ್. ಆ ದಿನಗಳಲ್ಲಿ ಪಿಳ್ಳೈಗೆ ದನಕರುಗಳು ಸತ್ತು, ಬೆಳೆ ಹಾಳಾಗಿ, ಒಂದರ ಮೇಲೊಂದು ಕಷ್ಟ ಬಂದುವಂತೆ. ಕಪ್ತಾನನು ಆತನಿಗೆ ಬೈಬಲಿನ ಯೋಬನ ಕಥೆಯನ್ನು ಹೇಳಿದನು. ಯೋಬನೆಂಬವನು ನಮ್ಮ ಹರಿಶ್ಚಂದ್ರನಂತೆ ಸಂಪತ್ತನ್ನೂ ಮಕ್ಕಳನ್ನೂ ಕಳೆದುಕೊಂಡವನು. ಆದರೆ ಇಬ್ಬರಿಗೂ ಒಂದು ಭೇದ ಉಂಟು. ರಾಘವಾಂಕನ ಹರಿಶ್ಚಂದ್ರನಿಗೆ ತಾನು ಏಕೆ ಕಷ್ಟಪಡುತ್ತಿದ್ದೇನೆಂಬುದು ಗೊತ್ತು. ಅವನು ಕೊಟ್ಟ ಮಾತಿಗೆ ಕಟ್ಟುಬಿದ್ದವನು. ಯೋಬನಿಗೆ ಕಾರಣವೇ ತಿಳಿಯದು. ದೇವರನ್ನೇ ನಿಲ್ಲಿಸಿ ಪ್ರಶ್ನಿಸುತ್ತಾನೆ, ಆದರೂ ಕೈಬಿಡುವುದಿಲ್ಲ. ಈ ಕಥೆ ಪಿಳ್ಳೈಯ ಮನಸ್ಸಿಗೆ ಹಿಡಿಯಿತು.

ಜ್ಞಾನಸ್ನಾನವು ತಿರುವಾಂಕೂರಿನೊಳಗೆ ನಡೆಯಲಿಲ್ಲ. ಅರಮನೆಯ ನಾಯರ್ ಉದ್ಯೋಗಸ್ಥನೊಬ್ಬನಿಗೆ ರಾಜ್ಯದೊಳಗೇ ಜ್ಞಾನಸ್ನಾನ ಕೊಡುವುದು ಅಪಾಯದ ಕೆಲಸ. ಆದಕಾರಣ ಡಿ ಲನಾಯ್ ಪತ್ರ ಕೊಟ್ಟು, ಆರಲ್ವಾಯ್‌ಮೊಳಿ ಕಣಿವೆಯ ಆಚೆಗೆ, ತಿರುನೆಲ್ವೇಲಿ ಸೀಮೆಯ ವಡಕ್ಕನ್‌ಕುಳಂ ಎಂಬ ಊರಿನಲ್ಲಿದ್ದ ಬುತ್ತಾರಿ ಎಂಬ ಇತಾಲಿಯ ಜೆಸ್ವಿಟ್ ಪಾದ್ರಿಯ ಬಳಿಗೆ ಆತನನ್ನು ಕಳುಹಿಸಿದನು. 1745ರ ಮೇ ತಿಂಗಳಲ್ಲಿ ನೀಲಕಂಠ ಪಿಳ್ಳೈಯು ಲಾಜರನಾದನು. ಲಾಜರ ಎಂಬ ಹೀಬ್ರೂ ಹೆಸರಿಗೆ ದೇವರು ಸಹಾಯ ಮಾಡಿದನು ಎಂದು ಅರ್ಥ. ಅದೇ ತಮಿಳಿನಲ್ಲಿ ದೇವಸಹಾಯಂ. ಅನಂತರ ಹೆಂಡತಿಯೂ ಅಲ್ಲಿಯೇ ಜ್ಞಾನಸ್ನಾನ ಪಡೆದಳು. ಆಕೆಗೆ ಬಂದ ಹೆಸರು ತೆರೇಸ. ಜನರ ಬಾಯಲ್ಲಿ ಜ್ಞಾನಪ್ಪೂ, ಜ್ಞಾನದ ಹೂವು.

ಇಲ್ಲಿ ಒಂದು ಸಂಶಯವನ್ನು ಎತ್ತಲೇಬೇಕು. ತಿರುವಾಂಕೂರಿಗೆ ಕ್ರೈಸ್ತರು ಹೊಸಬರಲ್ಲ. 1544ರಲ್ಲಿ ಫ್ರಾನ್ಸಿಸ್ ಸೇವಿಯರನು ಈ ಕರಾವಳಿಯ ಮೀನುಗಾರರಲ್ಲಿ ಒಂದೇ ತಿಂಗಳಿನಲ್ಲಿ 10,000ಕ್ಕೆ ಮೇಲ್ಪಟ್ಟ ಜನರಿಗೆ ಜ್ಞಾನಸ್ನಾನ ಕೊಟ್ಟುದಾಗಿ ತಾನೇ ಬರೆದಿದ್ದಾನೆ. ಉತ್ತರಕ್ಕೆ ಸಿರಿಯನ್ ಕ್ರೈಸ್ತರು ಅನೇಕ ಶತಮಾನಗಳಿಂದ ಮರ್ಯಾದೆಯಿಂದ ಬಾಳುತ್ತಿದ್ದರು. ಸ್ವತಃ ಸೇನೆಯ ಹಿರಿಯ ಕಪ್ತಾನನೇ ಕ್ಯಾಥೊಲಿಕ್. ಉದಯಗಿರಿ ಕೋಟೆಯೊಳಗೆ ಆತನ ಇಗರ್ಜಿ ಇತ್ತು, ಆತನ ಸಮಾಧಿ ಈಗಲೂ ಅಲ್ಲಿದೆ. ಹೀಗಿರುವಾಗ ಒಬ್ಬ ನಾಯರನು ಕ್ರೈಸ್ತನಾದನೆಂದು ರಾಜ್ಯವು ಏಕೆ ಮುನಿಯಬೇಕು? ಕೇರಳದ ಇತಿಹಾಸಕಾರರಾದ ಎ. ಶ್ರೀಧರ ಮೆನನ್ ಮೊದಲಾದವರು 2004ರ ಸುಮಾರಿನಲ್ಲಿ ಎತ್ತಿದ ಆಕ್ಷೇಪವು ಇದೇ. ಮತಾಂತರಕ್ಕಾಗಿ ಯಾರನ್ನಾದರೂ ಕೊಂದ ಉದಾಹರಣೆಯು ತಿರುವಾಂಕೂರಿನ ಚರಿತ್ರೆಯಲ್ಲಿ ಇಲ್ಲವೆಂದು ಅವರ ವಾದ. ಪಿಳ್ಳೈಯ ಮೇಲೆ ಹೊರಿಸಿದ್ದು ರಾಜದ್ರೋಹದ ಅಪರಾಧ, ಶಿಕ್ಷೆಯೂ ಅದಕ್ಕೇ ಎಂದು ಆ ಪಕ್ಷದವರು ಹೇಳುತ್ತಾರೆ.

ಈ ಆಕ್ಷೇಪವನ್ನು ಹಗುರವಾಗಿ ತಳ್ಳಿಹಾಕುವಂತಿಲ್ಲ. ಆದರೆ ಇದು ಅರ್ಧಕ್ಕೆ ನಿಲ್ಲುತ್ತದೆ ಎಂದು ನಮಗೆ ತೋರುತ್ತದೆ. ಮೀನುಗಾರನು ಕ್ರೈಸ್ತನಾದರೆ ಸಮಾಜದ ಮೆಟ್ಟಿಲುಗಳಲ್ಲಿ ಒಂದು ಕಲ್ಲೂ ಅಲುಗುತ್ತಿರಲಿಲ್ಲ. ಆತನು ಇದ್ದ ಕಡೆಯೇ ಇರುತ್ತಿದ್ದನು. ಪರದೇಶದ ಕಪ್ತಾನನು ಆ ಮೆಟ್ಟಿಲುಗಳ ಹೊರಗಿನವನು. ದೇವಾಲಯದ ಸೇವೆಯಲ್ಲಿದ್ದ ನಾಯರನ ಮಾತು ಹಾಗಲ್ಲ. ದೇವಸಹಾಯನು ಎಲ್ಲ ಜಾತಿಯ ಕ್ರೈಸ್ತರೊಡನೆ ಕೂತು ಉಂಡನು, ಕೀಳೆನಿಸಿದವರ ಮನೆಗಳಿಗೆ ಹೋಗಿ ಬಂದನು, ಇದನ್ನು ಬಿಡೆಂದರೆ ಬಿಡಲಿಲ್ಲ ಎಂದು ಪರಂಪರೆಯು ಒಂದೇ ಬಾಯಿಂದ ಹೇಳುತ್ತದೆ. ತೀಂಡಲ್, ತೊಡೀಲ್ ಎಂದು ಇಂತಿಷ್ಟು ಹೆಜ್ಜೆಯ ದೂರವನ್ನು ಅಳೆದು ನಡೆಯುತ್ತಿದ್ದ ನಾಡಿನಲ್ಲಿ ಈ ಊಟವು ಊಟವಾಗಿ ಉಳಿಯಲಾರದು.

ಮತ್ತೊಂದು ಸಂಗತಿಯನ್ನೂ ಜೊತೆಗೆ ಇಟ್ಟು ನೋಡಬೇಕು. ದೇವಸಹಾಯನು ಸೆರೆಯಲ್ಲಿದ್ದಾಗಲೇ, 1750ರಲ್ಲಿ, ಮಾರ್ತಾಂಡವರ್ಮ ಮಹಾರಾಜರು ತಮ್ಮ ರಾಜ್ಯವೆಲ್ಲವನ್ನೂ ಶ್ರೀ ಪದ್ಮನಾಭಸ್ವಾಮಿಗೆ ದಾನಮಾಡಿ, ಖಡ್ಗವನ್ನು ದೇವರ ಮುಂದಿಟ್ಟು, ತಾವು ಪದ್ಮನಾಭದಾಸರಾಗಿ ಆಳತೊಡಗಿದರು. ತೃಪ್ಪಡಿದಾನವೆಂದು ಇದಕ್ಕೆ ಹೆಸರು. ಅಂದಿನಿಂದ ಅರಸನ ಆಜ್ಞೆಯೆಂದರೆ ದೇವರ ಆಜ್ಞೆ; ಅರಸನಿಗೆ ಎರಡು ಬಗೆದರೆ ದೇವರಿಗೆ ಎರಡು ಬಗೆದಂತೆ. ಇಂತಹ ರಾಜ್ಯದಲ್ಲಿ ಮತದ್ರೋಹ ಬೇರೆ, ರಾಜದ್ರೋಹ ಬೇರೆ ಎಂದು ಎರಡು ದಫ್ತರಗಳಲ್ಲಿ ಬರೆದಿಡುವುದು ಈ ಕಾಲದ ನಮ್ಮ ಅಭ್ಯಾಸವೇ ಹೊರತು ಆ ಕಾಲದ್ದಲ್ಲ. ಅರಸನ ಕಡೆಯಿಂದ ನೋಡಿದರೆ ಕೈಕೆಳಗಿನ ಉದ್ಯೋಗಸ್ಥನೊಬ್ಬನು ನಿಷ್ಠೆಯನ್ನು ಬೇರೆಡೆಗೆ ತಿರುಗಿಸಿದನು. ಆತನ ಕಡೆಯಿಂದ ನೋಡಿದರೆ ನಂಬಿದ್ದನ್ನು ಬಿಡಲಿಲ್ಲ. ಒಂದೇ ನಡತೆಗೆ ಎರಡು ಹೆಸರು. ಪಿಳ್ಳೆಮಾರರ ದಂಗೆಯನ್ನು ಕಂಡು ಬೆಳೆದ ಅರಸರಿಗೆ ನಾಯರನೊಬ್ಬನ ಹಟವು ಯಾವ ನೆನಪನ್ನು ತಂದಿರಬಹುದೆಂಬುದನ್ನೂ ಓದುಗರು ಊಹಿಸಬಹುದು.

ಆತನನ್ನು ಹಿಡಿದದ್ದು 1749ರ ಫೆಬ್ರವರಿ 23ರಂದು. ಕೊಂದದ್ದು ಮೂರು ವರ್ಷಗಳಿಗೆ ಸ್ವಲ್ಪ ಕಡಿಮೆ ಕಾಲದ ಮೇಲೆ. ಈ ಅವಧಿಯಲ್ಲಿ ನಡೆದುದನ್ನು ಗಮನಿಸಿದರೆ ರಾಜ್ಯದ ಉದ್ದೇಶವು ಬರಿಯ ಪ್ರಾಣ ತೆಗೆಯುವುದಾಗಿರಲಿಲ್ಲ, ಮಾನ ತೆಗೆಯುವುದಾಗಿತ್ತು ಎಂದು ಕಾಣುತ್ತದೆ. ಎಕ್ಕದ ಹೂವಿನ ಮಾಲೆ ಹಾಕಿ, ಎಮ್ಮೆಯ ಮೇಲೆ ಹಿಂದುಮುಂದಾಗಿ ಕೂರಿಸಿ, ಕೈಗಳನ್ನು ಹಿಂದಕ್ಕೆ ಕಟ್ಟಿ ಊರೂರು ಮೆರೆಸಿದರು. ಅಂಗಾಲಿಗೆ ಬೆತ್ತದ ಏಟು, ಗಾಯಗಳಿಗೆ ಮೆಣಸಿನ ಪುಡಿ, ಬಿಸಿಲಿನಲ್ಲಿ ನಿಲ್ಲಿಸುವುದು, ಕುಡಿಯಲು ಕೊಳೆತ ನೀರು. ಎಕ್ಕದ ಮಾಲೆಯೂ ಎಮ್ಮೆಯ ಸವಾರಿಯೂ ಕುಲಗೌರವವನ್ನು ಕಳೆಯುವುದಕ್ಕಾಗಿ ಇದ್ದ ಶಿಕ್ಷೆಗಳು. ಒಂದು ಮಾತು ಹೇಳಿದರೆ, ಹಳೆಯ ದೇವರಿಗೆ ಮರಳಿದರೆ, ಎಲ್ಲವೂ ನಿಲ್ಲುತ್ತಿತ್ತಂತೆ. ಹಳೆಯ ಪದವಿಯೂ ಬರುತ್ತಿತ್ತಂತೆ.

ಆದರೆ ಮೆರವಣಿಗೆಗೆ ವಿಪರೀತ ಫಲವಾಯಿತು. ಜನರಿಗೆ ಭಯ ಹುಟ್ಟಿಸಲೆಂದು ಊರೂರಿಗೆ ಕೊಂಡೊಯ್ದುದರಿಂದಲೇ ಊರೂರಿನಲ್ಲಿ ಒಂದೊಂದು ಗುರುತು ನಿಂತಿತು. ಪುಲಿಯೂರ್‌ಕುರಿಚ್ಚಿಯಲ್ಲಿ ಬಾಯಾರಿದ ಆತನು ಪ್ರಾರ್ಥಿಸಿ ಬಂಡೆಗೆ ಮೊಣಕೈ ತಾಗಿಸಲು ನೀರು ಒಸರಿತೆಂದು ಕಥೆ. ಮುಟ್ಟಿಡಿಚ್ಚಾನ್ ಪಾರೈ ಎಂಬ ಆ ಬಂಡೆಯ ನೀರನ್ನು ಇಂದಿಗೂ ಜನ ತೀರ್ಥವೆಂದು ಒಯ್ಯುತ್ತಾರೆ. ಪೆರುವಿಳೈಯಲ್ಲಿ ಆತನನ್ನು ಒಂದು ಬೇವಿನ ಮರಕ್ಕೆ ಕಟ್ಟಿದ್ದರು. ಅಲ್ಲಿ ಕಾವಲಿಗಿದ್ದ ಕೊಲೆಗಾರನ ಮನೆಯಲ್ಲಿ ಮಕ್ಕಳಿರಲಿಲ್ಲವೆಂದೂ, ಸೆರೆಯಾಳಿನ ಆಶೀರ್ವಾದದಿಂದ ಮಗು ಹುಟ್ಟಿತೆಂದೂ ಹೇಳುತ್ತಾರೆ. ಆ ಬೇವಿನ ಎಲೆಯನ್ನು ರೋಗಿಗಳು ಮದ್ದೆಂದು ಕೊಂಡೊಯ್ಯುತ್ತಿದ್ದರಂತೆ. ಇವನ್ನೆಲ್ಲ ಚರಿತ್ರೆಯೆಂದು ನಾವು ನಿಮ್ಮ ಮುಂದೆ ಇಡುತ್ತಿಲ್ಲ. ಆದರೆ ಜನರ ನೆನಪು ಬೇವು, ಬಂಡೆ, ನೀರು, ಬಂಜೆಯ ಮಗು ಎಂಬ ತನ್ನ ಹಳೆಯ ಪರಿಚಿತ ವಸ್ತುಗಳನ್ನೇ ಹಿಡಿದು ಹೊಸ ಸಂತನನ್ನು ತನ್ನವನನ್ನಾಗಿ ಮಾಡಿಕೊಂಡ ಬಗೆಯು ಗಮನಿಸತಕ್ಕದ್ದು. ನಮ್ಮ ಹಳ್ಳಿಗಳಲ್ಲಿ ವೀರಗಲ್ಲಿಗೂ ಮಾಸ್ತಿಕಲ್ಲಿಗೂ ಕುಂಕುಮವಿಡುವವರು ಈ ಬಗೆಯನ್ನು ಚೆನ್ನಾಗಿ ಬಲ್ಲರು.

ಕಡೆಗೆ ಆತನನ್ನು ಗಡೀಪಾರು ಮಾಡುವ ಆಜ್ಞೆಯಾಗಿ ಆರಲ್ವಾಯ್‌ಮೊಳಿಗೆ ತಂದು ಬಿಟ್ಟರು. ಏಳು ವರ್ಷಗಳ ಹಿಂದೆ ಜ್ಞಾನಸ್ನಾನಕ್ಕೆಂದು ದಾಟಿದ್ದ ಕಣಿವೆ ಅದು. ಆಚೆಗೆ ವಡಕ್ಕನ್‌ಕುಳಂ ದೂರವಿರಲಿಲ್ಲ. ಅಲ್ಲಿನ ಗುಡ್ಡದ ಮೇಲೆ ಪ್ರಾರ್ಥನೆಯಲ್ಲಿ ಕುಳಿತ ಆತನನ್ನು ನೋಡಲು ಸುತ್ತಿನ ಊರುಗಳಿಂದ ಜನ ಬರತೊಡಗಿತು. ಗಡೀಪಾರಾದವನು ಮರೆಯಾಗುವ ಬದಲು ಕ್ಷೇತ್ರವಾಗುತ್ತಿದ್ದನು. ಇನ್ನು ಬಿಡಲಾಗದೆಂದು ಸಿಪಾಯಿಗಳು ಬಂದರು. ಗುಂಡುಗಳಿಂದ ಹೊಡೆದು ದೇಹವನ್ನು ಕಾಡಿನಲ್ಲಿ ಎಸೆದುಹೋದರು. ಕೆಲವು ದಿನಗಳ ಮೇಲೆ ಕ್ರೈಸ್ತರು ಅಳಿದುಳಿದ ಎಲುಬುಗಳನ್ನು ಆಯ್ದು ತಂದು, ಈಗಿನ ನಾಗರಕೋಯಿಲಿಗೆ ಸೇರಿರುವ ಕೋಟ್ಟಾರಿನಲ್ಲಿ ಸೇವಿಯರನ ಹೆಸರಿನ ಇಗರ್ಜಿಯೊಳಗೆ, ಬಲಿಪೀಠದ ಮುಂದೆ ಹೂಳಿದರು. ಹೆಂಡತಿ ಜ್ಞಾನಪ್ಪೂ ತವರಿಗೆ ಮರಳದೆ ವಡಕ್ಕನ್‌ಕುಳಂನಲ್ಲಿ ಉಳಿದ ಆಯುಸ್ಸನ್ನು ಕಳೆದಳು. ಗಂಡನ ಹೆಸರಿಗೆ ಇಷ್ಟು ಜಾತ್ರೆ ಸೇರುವಾಗ ಈಕೆಯನ್ನು ನೆನೆಯುವವರು ಕಡಿಮೆ ಎಂಬುದು ನಮಗೆ ಸ್ವಲ್ಪ ಖೇದದ ಸಂಗತಿ. ಆತನು ಒಮ್ಮೆ ಸತ್ತನು. ಈಕೆ ನೆಂಟರಿಷ್ಟರನ್ನು ಬಿಟ್ಟು ಪರಸೀಮೆಯಲ್ಲಿ ದಿನವೂ ಅದನ್ನು ಅನುಭವಿಸಿದಳು.

ಇನ್ನು ಪ್ರಮಾಣದ ವಿಷಯ. ಕೊಲೆಯಾದ ನಾಲ್ಕೇ ವರ್ಷಗಳಲ್ಲಿ, 1756ರಲ್ಲಿ, ಕೊಚ್ಚಿಯ ಬಿಷಪ್ಪರಾಗಿದ್ದ ಕ್ಲೆಮೆಂತೆ ಜೊಸೆ ಲೆಯಿತಾವ್ ಎಂಬುವರು ರೋಮಿಗೆ ಕಳುಹಿಸಿದ ವರದಿಯಲ್ಲಿ ಈ ಸಂಗತಿಯನ್ನು ತಿಳಿಸಿದರು. 1780ರಲ್ಲಿ, ಮಲಯಾಳದ ಕ್ರೈಸ್ತರ ಅಹವಾಲನ್ನು ಹೊತ್ತು ರೋಮಿಗೆ ಹೋಗಿದ್ದ ಕರಿಯಾಟ್ಟಿಲ್ ಯೌಸೇಪ್ ಮಲ್ಪಾನ್ ಎಂಬ ಗುರುವು ಈತನನ್ನು ಸಂತನೆಂದು ಸಾರಬೇಕೆಂದು ಅರ್ಜಿ ಕೊಟ್ಟನು. ಸ್ವಂತ ಕಷ್ಟಗಳನ್ನು ಹೇಳಿಕೊಳ್ಳಲು ಅಷ್ಟು ದೂರ ಹೋದ ಉತ್ತರದ ಸಿರಿಯನ್ ಕ್ರೈಸ್ತರು ದಕ್ಷಿಣದ ನಾಯರನೊಬ್ಬನ ಹೆಸರನ್ನೂ ಒಯ್ದರೆಂಬುದು ಆ ಹೆಸರು ಎಷ್ಟು ದೂರ ಹಬ್ಬಿತ್ತೆಂಬುದನ್ನು ತೋರಿಸುತ್ತದೆ. ಆದರೆ ಅರ್ಜಿಗೆ ಫಲ ಸಿಕ್ಕಲಿಲ್ಲ. ಅಲ್ಲಿಂದ ಮುಂದೆ ಇನ್ನೂರು ವರ್ಷಗಳಿಗೂ ಹೆಚ್ಚು ಕಾಲ ಈ ಭಕ್ತಿಯನ್ನು ಕಾಪಾಡಿದವರು ಆ ಭಾಗದ ಸಾಮಾನ್ಯ ಜನರೇ. ಹಾಡು ಕಟ್ಟಿದರು, ಇಗರ್ಜಿಗಳ ಹಬ್ಬಗಳಲ್ಲಿ ಆತನ ಕಥೆಯನ್ನು ರಾತ್ರಿಯೆಲ್ಲ ನಾಟಕವಾಡಿದರು. ಕಾಟ್ರಾಡಿ ಮಲೈಯಲ್ಲಿ ಹೊಡೆದರೆ ಗಂಟೆಯಂತೆ ದನಿಗೊಡುವ ಒಂದು ಬಂಡೆಯುಂಟು. ಅದನ್ನು ಮಣಿಯಡಿಚ್ಚಾನ್ ಪಾರೈ ಎನ್ನುತ್ತಾರೆ. ಸಂತನ ಪ್ರಾಣ ಹೋದಾಗ ಅದು ತಾನಾಗಿಯೇ ಮೊಳಗಿತಂತೆ. ಬಂದವರೆಲ್ಲ ಒಂದು ಕಲ್ಲು ತೆಗೆದುಕೊಂಡು ಅದಕ್ಕೆ ಕುಟ್ಟಿ ದನಿ ಕೇಳಿಕೊಂಡು ಹೋಗುತ್ತಾರೆ.

ಕ್ಯಾಥೊಲಿಕ್ ಪದ್ಧತಿಯಲ್ಲಿ ಸಂತಪದವಿಗೆ ಎರಡು ಮೆಟ್ಟಿಲುಗಳು. ಮೊದಲು ಧನ್ಯನೆಂದು ಸಾರುತ್ತಾರೆ, ಅನಂತರ ಸಂತನೆಂದು. ಸಾಮಾನ್ಯವಾಗಿ ಪ್ರತಿಯೊಂದಕ್ಕೂ, ಆತನಲ್ಲಿ ಮೊರೆಯಿಟ್ಟುದರಿಂದ ನಡೆಯಿತೆನ್ನುವ ಒಂದೊಂದು ಪವಾಡವು ವಿಚಾರಣೆಯಲ್ಲಿ ನಿಲ್ಲಬೇಕು. ರಕ್ತಸಾಕ್ಷಿಗೆ ಮಾತ್ರ ಮೊದಲನೆಯ ಮೆಟ್ಟಿಲಿಗೆ ಪವಾಡ ಬೇಡ, ಸಾವೇ ಸಾಕು. ಆದರೆ ಕೊಂದವರು ಆತನ ವಿಶ್ವಾಸವನ್ನು ದ್ವೇಷಿಸಿಯೇ ಕೊಂದರೆಂದೂ, ಆತನು ಅದನ್ನು ತಿಳಿದೇ ಸಾವನ್ನು ಒಪ್ಪಿದನೆಂದೂ ರುಜುವಾತಾಗಬೇಕು. ಮೇಲೆ ಹೇಳಿದ ಇತಿಹಾಸಕಾರರ ಆಕ್ಷೇಪವು ನೇರವಾಗಿ ಈ ಗಂಟಿಗೇ ಬೀಳುತ್ತದೆ. ಇದರ ಜೊತೆಗೆ, ಪಾದ್ರಿಗಳ ಪರವಾಗಿ ಅವರ ಸಂಘಗಳು ರೋಮಿನಲ್ಲಿ ದಶಕಗಟ್ಟಲೆ ಕಾಗದಪತ್ರ ನಡೆಸುತ್ತವೆ. ಗೃಹಸ್ಥನಿಗೆ ಅಂತಹ ಹಿಂಬಲವಿಲ್ಲ. ಇದೇ ತಮಿಳು ಸೀಮೆಯಲ್ಲಿ 1693ರಲ್ಲಿ ಓರಿಯೂರಿನಲ್ಲಿ ಪ್ರಾಣ ಕೊಟ್ಟ ಜೆಸ್ವಿಟ್ ಪಾದ್ರಿ ಜಾನ್ ಡಿ ಬ್ರಿಟ್ಟೊ 1947ರಲ್ಲೇ ಸಂತರಾದರು. ದೇವಸಹಾಯನ ಕಡತಕ್ಕೆ ಚಲನೆ ಬಂದದ್ದು ಕೋಟ್ಟಾರಿನ ಧರ್ಮಪ್ರಾಂತವು ಹಳೆಯ ಪತ್ರಗಳನ್ನು ಹುಡುಕಿ ತೆಗೆಸಿ, 2004ರಲ್ಲಿ ತಮಿಳುನಾಡಿನ ಬಿಷಪ್ಪರು ಶಿಫಾರಸು ಮಾಡಿದ ಮೇಲೆ. 2012ರ ಜೂನಿನಲ್ಲಿ ಪೋಪ್ 16ನೆಯ ಬೆನೆಡಿಕ್ಟರು ಆತನ ಸಾವನ್ನು ಧರ್ಮಕ್ಕಾಗಿ ಆದ ಸಾವೆಂದು ಒಪ್ಪಿದರು. ಅದೇ ವರ್ಷದ ಡಿಸೆಂಬರ್ 2ರಂದು ನಾಗರಕೋಯಿಲಿನಲ್ಲಿ ಆತನನ್ನು ಧನ್ಯನೆಂದು ಸಾರಲಾಯಿತು. ಆತನು ಹುಟ್ಟಿ ಸರಿಯಾಗಿ 300 ವರ್ಷಗಳಾಗಿದ್ದುವು. ಎರಡನೆಯ ಮೆಟ್ಟಿಲಿಗೆ ಬೇಕಾದ ಪವಾಡವಾಗಿ ಪರಿಶೀಲನೆಗೆ ಹೋದದ್ದು 2013ರಲ್ಲಿ, ಗರ್ಭದಲ್ಲಿ ಮಿಡಿತ ನಿಂತಿದೆಯೆಂದು ವೈದ್ಯರು ಹೇಳಿದ್ದ ಶಿಶುವೊಂದು ಬದುಕಿದ ಸಂಗತಿ. ಪೋಪ್ ಫ್ರಾನ್ಸಿಸರು 2020ರ ಫೆಬ್ರವರಿಯಲ್ಲಿ ಅದನ್ನು ಅಂಗೀಕರಿಸಿದರು.

ಇಲ್ಲಿ ಆ ಬಿರುದಿನ ಪ್ರಶ್ನೆ ಎದ್ದಿತು. 2012ರ ಆಜ್ಞಾಪತ್ರದಲ್ಲಿ ಆತನ ಹೆಸರು ದೇವಸಹಾಯಂ ಪಿಳ್ಳೈ ಎಂದೇ ಇತ್ತು. ಜಾತಿಯ ಎಲ್ಲೆಯನ್ನು ದಾಟಿದ್ದಕ್ಕಾಗಿಯೇ ಎಕ್ಕದ ಮಾಲೆ ಹಾಕಿಸಿಕೊಂಡವನ ಹೆಸರಿನ ಹಿಂದೆ ಜಾತಿಯ ಬಿರುದನ್ನು ಇಟ್ಟು ಬಲಿಪೀಠಕ್ಕೆ ಏರಿಸಬಹುದೇ ಎಂದು ಕೆಲವು ಕ್ರೈಸ್ತರು ರೋಮಿಗೆ ಬರೆದರು. ಹೊರಗಿನವರಿಗೆ ಇದು ಒಂದು ಪದದ ಜಗಳವಾಗಿ ಕಂಡೀತು. ಆ ಸೀಮೆಯ ಇಗರ್ಜಿಗಳ ಚರಿತ್ರೆಯನ್ನು ತಿಳಿದವರಿಗೆ ಹಾಗೆ ಕಾಣದು. ದೇವಸಹಾಯನು ಜ್ಞಾನಸ್ನಾನ ಪಡೆದ ಆ ವಡಕ್ಕನ್‌ಕುಳಂ ಊರನ್ನೇ ನೋಡಿ. 1870ರ ದಶಕದಲ್ಲಿ ಅಲ್ಲಿ ಎದ್ದ ದೊಡ್ಡ ಇಗರ್ಜಿಯನ್ನು ಷರಾಯಿಯ ಎರಡು ಕಾಲುಗಳಂತೆ ಎರಡು ಅಂಕಣಗಳಾಗಿ ಕಟ್ಟಿದರು: ವೆಳ್ಳಾಳರಿಗೆ ಒಂದು, ನಾಡಾರರಿಗೆ ಒಂದು, ನಡುವೆ ಗೋಡೆ, ಎರಡೂ ಕೂಡುವ ಕಡೆಯಲ್ಲಿ ಪೂಜೆ ಮಾಡುವ ಪಾದ್ರಿ. ಒಂದೇ ದೇವರು, ಒಂದೇ ಪೂಜೆ, ಕಣ್ಣಿಗೆ ಕಣ್ಣು ಬೀಳದಂತೆ ಭಕ್ತರು. 1910ರಲ್ಲಿ ಬಿಷಪ್ಪರ ಆಜ್ಞೆಯಿಂದ ಗೋಡೆ ಕೆಡವಿದಾಗ, ಪಿಳ್ಳೈ ಎಂಬ ಬಿರುದಿನ ವೆಳ್ಳಾಳ ಕ್ರೈಸ್ತರು ತಮ್ಮ ಪ್ರತ್ಯೇಕ ಸ್ಥಾನ ಹೋಯಿತೆಂದು ಮದರಾಸು ಹೈಕೋರ್ಟಿನವರೆಗೂ ವ್ಯಾಜ್ಯ ಒಯ್ದರು. ಸೋತರು. ಗೋಡೆ ಮತ್ತೆ ಏಳಲಿಲ್ಲ. ಮತಾಂತರವಾದ ಮಾತ್ರಕ್ಕೆ ಜಾತಿ ಕಳಚುವುದಿಲ್ಲವೆಂಬುದಕ್ಕೆ ಇದಕ್ಕಿಂತ ದೊಡ್ಡ ನಿದರ್ಶನ ಬೇಕಿಲ್ಲ. ತಿರುವಾಂಕೂರಿನ ಉದ್ಯೋಗಸ್ಥರು ದೇವಸಹಾಯನಲ್ಲಿ ಕಂಡು ಕೆರಳಿದ್ದು ಯಾವುದೋ, ಅದನ್ನೇ ಆತನ ಮತಬಾಂಧವರು ನೂರೈವತ್ತು ವರ್ಷಗಳ ಮೇಲೂ ಅರಗಿಸಿಕೊಂಡಿರಲಿಲ್ಲ.

ಬಿರುದನ್ನು ತೆಗೆದರೆ ಚರಿತ್ರೆಯನ್ನು ತಿದ್ದಿದಂತಾಗುವುದಿಲ್ಲವೇ ಎಂದು ಕೇಳುವವರೂ ಉಂಟು. ಆತನು ಪಿಳ್ಳೈಯಾಗಿದ್ದುದು ನಿಜ, ಜನ ಇನ್ನೂರೈವತ್ತು ವರ್ಷ ಹಾಗೆಯೇ ಕರೆದದ್ದೂ ನಿಜ. ಆದರೆ ಜ್ಞಾನಸ್ನಾನದ ಹೆಸರಿನಲ್ಲಿ ಅದು ಇರಲಿಲ್ಲ. ಬುತ್ತಾರಿ ಪಾದ್ರಿಯು ಕೊಟ್ಟದ್ದು ಲಾಜರನೆಂಬ ಹೆಸರನ್ನು ಮಾತ್ರ. ಬಿರುದು ಬಿಟ್ಟವರ ಪಕ್ಷವೇ ನಮಗೆ ಒಪ್ಪಿಗೆಯಾಗುತ್ತದೆ. ರೋಮಿನ ಕಚೇರಿಯೂ ಹಾಗೆಯೇ ತೀರ್ಮಾನಿಸಿತು. 2022ರ ಮೇ 15ರಂದು ಸಂತ ಪೇತ್ರನ ಚೌಕದಲ್ಲಿ ಪೋಪ್ ಫ್ರಾನ್ಸಿಸರು ಹತ್ತು ಮಂದಿಯನ್ನು ಸಂತರೆಂದು ಸಾರಿದಾಗ ಆ ಪಟ್ಟಿಯಲ್ಲಿ ಓದಿದ್ದು ದೇವಸಹಾಯಂ ಎಂದು ಕರೆಯಲ್ಪಡುವ ಲಾಜರ ಎಂದಷ್ಟೇ. 2025ರಲ್ಲಿ ಆತನನ್ನು ಭಾರತದ ಗೃಹಸ್ಥ ಕ್ಯಾಥೊಲಿಕರ ಪಾಲಕ ಸಂತನೆಂದೂ ಮನ್ನಿಸಲಾಯಿತು.

ಆತನ ಹಬ್ಬವು ಸತ್ತ ದಿನದಂದೇ, ಜನವರಿ 14ಕ್ಕೆ. ತಮಿಳುನಾಡಿನಲ್ಲಿ ಪೊಂಗಲಿನ ಸಡಗರವೂ ಅದೇ ಹೊತ್ತಿಗೆ ಬರುತ್ತದೆ. ಕೋಟ್ಟಾರಿನ ಸಮಾಧಿಗೂ ಕಾಟ್ರಾಡಿ ಮಲೈಗೂ ಬರುವ ಯಾತ್ರಿಕರಲ್ಲಿ ಕ್ರೈಸ್ತರಲ್ಲದವರೂ ಇರುತ್ತಾರೆ. ಗುಡ್ಡದ ಮೇಲೆ ಆ ಬಂಡೆಯ ದನಿ ಕೇಳುತ್ತಲೇ ಇರುತ್ತದೆ. ಕೆಳಗೆ ಹೆದ್ದಾರಿಯಲ್ಲಿ ನಾಗರಕೋಯಿಲಿಗೂ ತಿರುನೆಲ್ವೇಲಿಗೂ ಬಸ್ಸುಗಳು ಓಡುತ್ತವೆ. ವಡಕ್ಕನ್‌ಕುಳಂಗೆ ಹೋಗಬೇಕಾದವರು ಕಣಿವೆ ದಾಟಿ ಪೂರ್ವಕ್ಕೆ ಹೋಗುತ್ತಾರೆ.